ಬಿಸಿಯಾದರೆ ನಿಲ್ಲುತ್ತಿದ್ದ ಯೆಜ್ಡಿ: ಮನೆಯ ಷೆಡ್ಡಿನಲ್ಲಿ ನಡೆದ ದುರಸ್ತಿಯ ಪ್ರಕರಣ ಅಧ್ಯಯನ

ಇಲ್ಲಿ ದಾಖಲಿಸುತ್ತಿರುವುದು 1974ರ ಒಂದು ಯೆಜ್ಡಿ 250 ಬೈಕಿನ ಪ್ರಕರಣ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ಅದೇ ಊರಿನ ರಸ್ತೆಗಳಲ್ಲಿ ಓಡಾಡಿ, ಅದೇ ಊರಿನ ಮನೆಯೊಂದರ ಹಿತ್ತಲಿನಲ್ಲಿ ಹಲವು ವರ್ಷ ಟಾರ್ಪಾಲಿನ ಕೆಳಗೆ ನಿಂತಿದ್ದ ಗಾಡಿ ಇದು. ಕೊಂಡವರು ಈಗಿನ ಮಾಲೀಕರ ತಂದೆ. ನಿವೃತ್ತ ಉಪನ್ಯಾಸಕರಾದ ಮಗ ಅದನ್ನು ಹೊರಗೆಳೆದು, ಚಾಸಿಸ್‌ಗೆ ಪೌಡರ್ ಕೋಟಿಂಗ್ ಮಾಡಿಸಿ, ಟ್ಯಾಂಕಿನ ಪಕ್ಕಗಳಿಗೆ ಹೊಸದಾಗಿ ಕ್ರೋಮ್ ಹಾಕಿಸಿ, ವರ್ಕ್‌ಶಾಪೊಂದರಲ್ಲಿ ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿದ್ದರು. ನೋಡಲು ಗಾಡಿ ಷೋರೂಮಿನಿಂದ ಈಗಷ್ಟೇ ಬಂದಂತಿತ್ತು. ತಣ್ಣಗಿದ್ದಾಗ ಎರಡನೆಯ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಕಾಲು ಗಂಟೆ ಓಡಿದ ಮೇಲೆ ಮಾತ್ರ ಮಿಸ್ಸಿಂಗ್ (ಎಂಜಿನ್ನಿನ ಉರಿ ಆಗಾಗ ತಪ್ಪಿ ಮುಗ್ಗರಿಸುವುದು) ಶುರುವಾಗಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು.

ನನ್ನ ಷೆಡ್ಡಿಗೆ ಬರುವ ಹೊತ್ತಿಗೆ ಅದರ ಕಿಡಿ ಹುಟ್ಟಿಸುವ ಭಾಗಗಳಾದ ಪ್ಲಗ್, ಕಾಯಿಲ್, ಪಾಯಿಂಟ್ ಮತ್ತು ಕಂಡೆನ್ಸರ್, ಜೊತೆಗೆ ಪೆಟ್ರೋಲ್ ಕಾಕ್ ಎಲ್ಲವೂ ಬದಲಾಗಿದ್ದವು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಒಂದಕ್ಕಿಂತ ಹೆಚ್ಚು ಸಲ ಬಿಚ್ಚಿ ತೊಳೆಯಲ್ಪಟ್ಟಿತ್ತು. ವರ್ಕ್‌ಶಾಪಿನ ಬಿಲ್ಲಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಶಾಫ್ಟಿನ) ಎರಡೂ ಆಯಿಲ್ ಸೀಲುಗಳ ಬೆಲೆಯೂ ಸೇರಿತ್ತು. ಬದಲಿಸಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ, ಹಳೆಯ 6 ವೋಲ್ಟಿನ ಡೈನಮೊ ವ್ಯವಸ್ಥೆಯನ್ನೇ ಕಿತ್ತೆಸೆದು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ (ಕಿಡಿ ಹಾರಿಸುವ) ಕಿಟ್ ಹಾಕಿಸಿಬಿಡಿ ಎಂದು ಬಲ್ಲವರೆಲ್ಲ ಸಲಹೆ ಕೊಟ್ಟಿದ್ದರು. ಮಾಲೀಕರಿಗೆ ಅದು ಒಪ್ಪಿಗೆಯಿರಲಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಆ ನೋಂದಣಿ ಅವರ ಮನಸ್ಸಿನಲ್ಲಿತ್ತು. ಇಗ್ನಿಷನ್ ಕಿಟ್ ಹಾಕಿದರೆ ಷರತ್ತು ಮುರಿದಂತಾಗುತ್ತದೆಯೇ ಇಲ್ಲವೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಆದರೆ ಈ ಪ್ರಕರಣದಲ್ಲಿ ಆ ಕಿಟ್ ಹಾಕದೆ ಉಳಿದದ್ದರಿಂದಲೇ ಎಂಜಿನ್ ಉಳಿಯಿತು. ಅದು ಹೇಗೆಂಬುದೇ ಈ ಬರಹದ ಮುಖ್ಯ ಸಂಗತಿ.

ಎಂಜಿನ್ನಿನ ಸ್ವಭಾವ

ಮುಂದಿನದನ್ನು ಅನುಸರಿಸಲು ಈ ಎಂಜಿನ್ನಿನ ಎರಡು ಸಂಗತಿಗಳು ತಿಳಿದಿರಬೇಕು. ಇದು 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್ ಇರುವ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿನ ಮೇಲ್ಭಾಗಕ್ಕೆ ಹೋಗುವುದಿಲ್ಲ. ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ ಕೆಳಗಿಳಿಯುವಾಗ ಅಲ್ಲಿ ಒತ್ತಲ್ಪಟ್ಟು, ಪಕ್ಕದ ದಾರಿಗಳ ಮೂಲಕ ಮೇಲೇರುತ್ತದೆ. ಹೀಗಾಗಿ ಕ್ರ್ಯಾಂಕ್‌ಕೇಸ್ ಎಂಬುದು ಇಲ್ಲಿ ಒಂದು ಪಂಪು. ಅದರ ಎರಡು ತುದಿಗಳಲ್ಲಿ ಶಾಫ್ಟ್ ಹೊರಬರುವ ಜಾಗದಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು ಸರಿಯಿಲ್ಲದಿದ್ದರೆ ಪಂಪು ಸೋರುತ್ತದೆ. ಎಡಗಡೆಯ ಸೀಲು ಹೋದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲ್ಲನ್ನು ಹೀರಿ ಬಿಳಿ ಹೊಗೆ ಕಾರುತ್ತದೆ, ಬೀದಿಯವರಿಗೆಲ್ಲ ಗೊತ್ತಾಗುತ್ತದೆ. ಬಲಗಡೆ, ಅಂದರೆ ಡೈನಮೊ ಕಡೆ, ಆಯಿಲ್ ಇಲ್ಲ. ಅಲ್ಲಿಯ ಸೀಲು ಹೋದರೆ ಎಂಜಿನ್ ಬರೀ ಗಾಳಿಯನ್ನು ಎಳೆಯುತ್ತದೆ. ಹೊಗೆಯಿಲ್ಲ, ಕಲೆಯಿಲ್ಲ, ಸುಳಿವೇ ಇಲ್ಲ. ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಿ ಪೆಟ್ರೋಲ್ ಕಡಿಮೆಯಾದಂತೆ, ಅದರೊಂದಿಗೆ ಬರಬೇಕಾದ ಟೂಟಿ ಆಯಿಲ್ಲೂ (ಪೆಟ್ರೋಲಿಗೇ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ ಆಯಿಲ್) ಕಡಿಮೆಯಾಗುತ್ತದೆ. ಕಾವು ಏರಿ ಪಿಸ್ಟನ್ ಹಿಡಿದುಕೊಳ್ಳುವುದು ಇದರ ಕೊನೆ.

ಎರಡನೆಯ ಸಂಗತಿ ಇಗ್ನಿಷನ್ನಿನದು. ಇದರಲ್ಲಿ ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಂಬ ನಾಲ್ಕು ಭಾಗಗಳ ಹಳೆಯ ಕಾಲದ ಏರ್ಪಾಡಿದೆ. ಪಾಯಿಂಟುಗಳು, ಅಂದರೆ ಎಂಜಿನ್ ತಿರುಗಿದಂತೆ ಕೂಡಿ ತೆರೆಯುವ ಸ್ವಿಚ್ಚಿನ ಲೋಹದ ತುದಿಗಳು, ಕೂಡಿದಾಗ ಕಾಯಿಲ್ಲಿನಲ್ಲಿ ಕರೆಂಟು ಹರಿಯುತ್ತದೆ. ಅವು ತೆರೆದ ಗಳಿಗೆಯಲ್ಲಿ ಹರಿವು ಥಟ್ಟನೆ ನಿಂತು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹರಿವು ಥಟ್ಟನೆ ನಿಲ್ಲುವುದೇ ಇಲ್ಲಿ ಮುಖ್ಯ. ಪಾಯಿಂಟಿಗೆ ಅಡ್ಡಲಾಗಿ ಜೋಡಿಸಿರುವ ಕಂಡೆನ್ಸರ್ ಆ ಗಳಿಗೆಯ ಕರೆಂಟನ್ನು ತನ್ನೊಳಗೆ ತೆಗೆದುಕೊಳ್ಳದೆ ಹೋದರೆ, ಕರೆಂಟು ಪಾಯಿಂಟುಗಳ ನಡುವಿನ 0.4 ಮಿ.ಮೀ. ಸಂದಿಯನ್ನೇ ಜಿಗಿದು ಹರಿಯುತ್ತ ಹೋಗುತ್ತದೆ. ಪಾಯಿಂಟಿನಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಸಣ್ಣ ಕಿಡಿ.

ದೂರನ್ನು ಕಣ್ಣಾರೆ ಕಂಡದ್ದು

ಒಂದೂ ನಟ್ಟು ಬಿಚ್ಚದೆ ಗಾಡಿಯನ್ನು ಚಾಮುಂಡಿ ಬೆಟ್ಟದ ಕಡೆ ಓಡಿಸಿದ್ದು ಮೊದಲ ಕೆಲಸ. ಏರಿನಲ್ಲಿ ಎಂಜಿನ್ನಿಗೆ ಬೇಗ ಕಾವು ಬರುತ್ತದೆ, ನಿಲ್ಲುವುದಿದ್ದರೆ ಬೇಗ ನಿಲ್ಲುತ್ತದೆ. ನಿರೀಕ್ಷಿಸಿದಂತೆ ಅರ್ಧ ಏರಿಗೇ ಮಿಸ್ಸಿಂಗ್ ಬಂದು ನಿಂತಿತು. ಆದರೆ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಇನ್ನೊಂದು ಲಕ್ಷಣ ಕಂಡಿತು: ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ನಿನ ವೇಗ ಕೂಡಲೇ ಇಳಿಯದೆ, ಒಂದು ಕ್ಷಣ ಮೇಲೆಯೇ ನೇತಾಡಿ ಆಮೇಲೆ ಇಳಿಯುತ್ತಿತ್ತು. ನಿಲ್ಲಿಸಿ ನೋಡಿದರೆ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ನಿನ ವೇಗ) ತಣ್ಣಗಿದ್ದಾಗಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚಾಗಿತ್ತು. ಮಾಲೀಕರು ಇದನ್ನು ದೂರಿನಲ್ಲಿ ಹೇಳಿರಲಿಲ್ಲ. ಕೇಳಿದಾಗ, “ಅದು ಮೊದಲಿನಿಂದಲೂ ಇದೆಯಲ್ಲ ಸಾರ್, ಬಿಸಿಯಾದ ಮೇಲೆ ಚುರುಕಾಗುತ್ತೆ ಅಂದುಕೊಂಡಿದ್ದೆ” ಎಂದರು.

ಹೀಗೆ ಎರಡು ಲಕ್ಷಣಗಳು ಕೈಗೆ ಸಿಕ್ಕವು, ಮತ್ತು ಅವು ಒಂದಕ್ಕೊಂದು ಹೊಂದುವಂತಿರಲಿಲ್ಲ. ಕಿಡಿ ಸೋತು ನಿಲ್ಲುವ ಎಂಜಿನ್ನಿಗೆ ಮೊದಲು ವೇಗ ಏರಬೇಕಾದ ಕಾರಣವಿಲ್ಲ. ಗಾಳಿ ಎಳೆದು ವೇಗ ಏರುವ ಎಂಜಿನ್, ಪಿಸ್ಟನ್ ಹಿಡಿದುಕೊಳ್ಳದ ಹೊರತು, ಹೀಗೆ ಪೂರ್ತಿ ಸತ್ತು ಅರ್ಧ ಗಂಟೆ ಏಳದೆ ಇರಬೇಕಾದ ಕಾರಣವಿಲ್ಲ. ಹಲವು ವರ್ಷ ನಿಂತ ಗಾಡಿಯಲ್ಲಿ ಒಂದೇ ಒಂದು ದೋಷವಿದ್ದು, ಅದೇ ಎಲ್ಲ ಲಕ್ಷಣಗಳಿಗೂ ಕಾರಣವಾಗಿರುವುದು ಅಪರೂಪ. ಆದರೂ ದುರಸ್ತಿಗೆ ಕೂತವರೆಲ್ಲ ಹುಡುಕುವುದು ಆ ಒಂದೇ ದೋಷವನ್ನು.

ನಿಂತ ಜಾಗದಲ್ಲೇ ಮಾಡಿದ ಪರೀಕ್ಷೆಗಳು ಬೇಗ ಮುಗಿದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೂ ಗಾಡಿ ಇದೇ ರೀತಿ ನಿಲ್ಲುತ್ತದೆ. ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಬರಲಿಲ್ಲ, ತೆರೆದಿಟ್ಟರೂ ಎಂಜಿನ್ ಏಳಲಿಲ್ಲ. ಪೈಪು ಬಿಚ್ಚಿ ಬಾಟಲಿಗೆ ಹಿಡಿದರೆ ಪೆಟ್ರೋಲ್ ಧಾರಾಳವಾಗಿ ಬಂತು. ಪ್ಲಗ್ ಬಿಚ್ಚಿ, ಸಿಲಿಂಡರ್ ಹೆಡ್ಡಿಗೆ ತಾಗಿಸಿ, ಎಡಗಡೆಯ ಲಿವರ್ ಒದ್ದಾಗ (ಈ ಗಾಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಎಂಬುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ) ಕಂಡ ಕಿಡಿ ತೆಳುವಾಗಿ, ಕೆಂಪಾಗಿ, ಆಗಾಗ ತಪ್ಪುತ್ತಿತ್ತು. ತಣ್ಣಗಿದ್ದಾಗ ಅದೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಸದ್ದು ಮಾಡಿ ಹಾರುತ್ತಿತ್ತು. ಬಲಗಡೆಯ ಮುಚ್ಚಳ ತೆಗೆದು, ಅಂಗೈಯಿಂದ ಬಿಸಿಲು ಮರೆಮಾಡಿ, ಇನ್ನೊಮ್ಮೆ ಒದ್ದಾಗ ಪಾಯಿಂಟುಗಳ ನಡುವೆ ಬೆಳ್ಳಗಿನ ಕಿಡಿ ಹೊಳೆಯುವುದು ಸ್ಪಷ್ಟವಾಗಿ ಕಂಡಿತು. ಗಾಡಿ ನಿಲ್ಲಲು ಕಾರಣ ಪೆಟ್ರೋಲ್ ಅಲ್ಲ, ಕರೆಂಟು ಎಂಬುದು ಅಲ್ಲಿಗೆ ಖಚಿತವಾಯಿತು.

ಹೊಸ ಕಂಡೆನ್ಸರಿನ ವಯಸ್ಸು

ಷೆಡ್ಡಿಗೆ ತಂದ ಮೇಲೆ ಮೊದಲು ಸಿಕ್ಕಿದ್ದು ಪುನರುದ್ಧಾರದ ಕೆಲಸವೇ ತಂದಿಟ್ಟ ಒಂದು ತೊಡಕು. ಪೌಡರ್ ಕೋಟಿಂಗ್ ಎಂಬುದು ದಪ್ಪನೆಯ ಪ್ಲಾಸ್ಟಿಕ್ ಹೊದಿಕೆ. ಅದರ ಮೂಲಕ ಕರೆಂಟು ಹರಿಯುವುದಿಲ್ಲ. ಬ್ಯಾಟರಿಯ ಅರ್ಥ್ ವೈರನ್ನು ಆ ಹೊದಿಕೆಯ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು. ಕರೆಂಟು ಬೋಲ್ಟಿನ ತಿರುಪಿನ ನಾಲ್ಕಾರು ಸುತ್ತುಗಳ ಮೂಲಕ ಹೇಗೋ ದಾಟಿಕೊಂಡು ಬರುತ್ತಿತ್ತು. ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಅರ್ಥ್ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಮಲ್ಟಿಮೀಟರ್ ಹಿಡಿದರೆ ಮುಕ್ಕಾಲು ವೋಲ್ಟ್ ತೋರಿಸಿತು. 12 ವೋಲ್ಟಿನ ಗಾಡಿಯಲ್ಲಿ ಇದು ಸಹಿಸಿಕೊಳ್ಳಬಹುದಾದ ನಷ್ಟ. 6 ವೋಲ್ಟಿನಲ್ಲಿ ಎಂಟನೆಯ ಒಂದು ಭಾಗವೇ ಹೋದಂತೆ. ಬೋಲ್ಟಿನ ಕೆಳಗೆ ಒಂದು ರೂಪಾಯಿ ಅಗಲದಷ್ಟು ಹೊದಿಕೆ ಕೆರೆದು, ಬ್ಯಾಟರಿಯಿಂದ ಎಂಜಿನ್ನಿಗೆ ಪ್ರತ್ಯೇಕವಾಗಿ ದಪ್ಪನೆಯ ವೈರ್ ಎಳೆದ ಮೇಲೆ ಆ ಅಂಕಿ ಮೀಟರಿನಲ್ಲಿ ಕಾಣದಷ್ಟು ಇಳಿಯಿತು. ಕಿಡಿ ಸ್ವಲ್ಪ ಸುಧಾರಿಸಿತು, ಗಾಡಿ ಇನ್ನೂ ಸ್ವಲ್ಪ ಹೊತ್ತು ಹೆಚ್ಚು ಓಡಿತು. ಆದರೂ ನಿಂತಿತು.

ಬಿಸಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಕಾಯಿಲ್ ಅಥವಾ ಕಂಡೆನ್ಸರ್. ಪಾಯಿಂಟಿನಲ್ಲಿ ಕಂಡ ಬಿಳಿ ಕಿಡಿ ಕಂಡೆನ್ಸರಿನ ಕಡೆ ಬೆರಳು ತೋರಿಸುತ್ತಿತ್ತು. “ಅದನ್ನು ಹೊಸದು ಹಾಕಿಸಿದ್ದೇನಲ್ಲ” ಎಂಬ ಮಾಲೀಕರ ಮಾತೂ ಸುಳ್ಳಲ್ಲ. ಕಂಡೆನ್ಸರಿನ ಮೈಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಮುಂದಿನ ಸಲ ಗಾಡಿ ಬಿಸಿಯಾಗಿ ನಿಂತಾಗ, ಇದ್ದ ಕಂಡೆನ್ಸರಿನ ವೈರನ್ನು ಕಳಚಿ, ಬೇರೊಂದನ್ನು ಮೊಸಳೆ ಕ್ಲಿಪ್ಪಿನಿಂದ ಹೊರಗಿನಿಂದಲೇ ಜೋಡಿಸಲಾಯಿತು. ಇಲ್ಲಿ ಒಂದು ಎಚ್ಚರ ಬೇಕು: ಹಳೆಯದನ್ನು ಕಳಚದೆ ಅದರ ಜೊತೆಗೇ ಇನ್ನೊಂದನ್ನು ಜೋಡಿಸಿದರೆ ಪರೀಕ್ಷೆಗೆ ಅರ್ಥವಿಲ್ಲ, ಸೋರುವ ಕಂಡೆನ್ಸರ್ ತನ್ನ ಪಾಡಿಗೆ ಸೋರುತ್ತಲೇ ಇರುತ್ತದೆ. ಕಳಚಿ ಜೋಡಿಸಿದ ಕೂಡಲೇ, ಕೈ ಇಡಲಾಗದಷ್ಟು ಬಿಸಿಯಿದ್ದ ಎಂಜಿನ್ ಮೊದಲ ಒದೆತಕ್ಕೆ ಎದ್ದಿತು.

ಬಿಚ್ಚಿದ ಕಂಡೆನ್ಸರನ್ನು ಮೇಜಿನ ಮೇಲಿಟ್ಟು ನೋಡಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಯಿತು. ಇಂಥ ಕಂಡೆನ್ಸರಿನ ಅಳತೆ ಸುಮಾರು 0.2 ಮೈಕ್ರೊಫ್ಯಾರಡ್, ತಣ್ಣಗಿದ್ದಾಗ ಮೀಟರು ಅಷ್ಟನ್ನೇ ತೋರಿಸಿತು. ಮೆಗಾಓಮ್ ಅಳತೆಗೆ ತಿರುಗಿಸಿದರೆ ಅಂಕಿ ಏರುತ್ತ ಏರುತ್ತ ಅಳತೆಯಾಚೆ ಹೋಯಿತು, ಅದೂ ಸರಿಯೇ. ತಲೆಗೂದಲು ಒಣಗಿಸುವ ಡ್ರೈಯರನ್ನು ಅದಕ್ಕೆ ಹಿಡಿದಾಗ, ತಗಡು ಬಿಸಿಯಾಗುತ್ತ ಬಂದಂತೆ ಮೀಟರಿನ ಅಂಕಿ ಆಚೆಯಿಂದ ಕಾಣಿಸಿಕೊಂಡು ಇಳಿಯತೊಡಗಿ, ಕೊನೆಗೆ ಒಂದು ಮೆಗಾಓಮಿಗಿಂತಲೂ ಕೆಳಗೆ ಬಂತು. ಡ್ರೈಯರ್ ಆರಿಸಿದರೆ ನಿಧಾನವಾಗಿ ಮತ್ತೆ ಏರಿತು. ಗಾಡಿ ಬೆಟ್ಟದ ಮೇಲೆ ಮಾಡುತ್ತಿದ್ದುದೂ ಅದನ್ನೇ. ಮೀಟರಿನ ಪುಟ್ಟ ಬ್ಯಾಟರಿಯೆದುರು ಇಷ್ಟು ಸೋರುವ ಕಂಡೆನ್ಸರ್, ಪಾಯಿಂಟು ತೆರೆದಾಗ ಬರುವ ನೂರಾರು ವೋಲ್ಟಿನ ಎದುರು ನಿಲ್ಲುವ ಮಾತೇ ಇಲ್ಲ.

ಆ ಕಂಡೆನ್ಸರ್ ಬೆಂಗಳೂರಿನ ಅಂಗಡಿಯೊಂದರಲ್ಲಿ ಹಳೆಯ ಕಾಲದ ಡಬ್ಬಿಯ ಸಮೇತ ಸಿಕ್ಕಿದ್ದು. ಅಸಲಿ ಎಂಬ ಕಾರಣಕ್ಕೇ ಹೆಚ್ಚು ಬೆಲೆ ಕೊಟ್ಟು ತಂದದ್ದು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಕ್ಕೂ ಮೊದಲೇ ತಯಾರಾದ ಬಿಡಿಭಾಗ ಎಷ್ಟೇ ಹೊಸದಾಗಿ ಕಂಡರೂ ಕಾಲು ಶತಮಾನ ಡಬ್ಬಿಯಲ್ಲಿ ಕೂತಿರುತ್ತದೆ. ಗೇರು, ಬೋಲ್ಟು, ಕ್ರ್ಯಾಂಕಿನಂಥ ಲೋಹದ ಭಾಗಗಳಿಗೆ ಅದರಿಂದ ಏನೂ ಆಗುವುದಿಲ್ಲ, ಅವುಗಳ ವಿಷಯದಲ್ಲಿ ಹಳೆಯ ಡಬ್ಬಿ ಸಿಕ್ಕರೆ ಅದೃಷ್ಟವೇ. ಒಳಗೆ ಕಾಗದದ ಸುರುಳಿಯಿರುವ ಕಂಡೆನ್ಸರ್ ಹಾಗಲ್ಲ. ವರ್ಷಗಳ ತೇವ ಒಳಸೇರಿ ಅದು ಡಬ್ಬಿಯಲ್ಲಿದ್ದುಕೊಂಡೇ ಮುದಿಯಾಗುತ್ತದೆ. ಅದರ ವಯಸ್ಸನ್ನು ಎಣಿಸಬೇಕಾದದ್ದು ತಯಾರಾದ ದಿನದಿಂದ, ಗಾಡಿಗೆ ಹಾಕಿದ ದಿನದಿಂದಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ 0.22 ಮೈಕ್ರೊಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರನ್ನು ಎಂಜಿನ್ನಿನ ಕಾವಿನಿಂದ ದೂರ, ಸೀಟಿನ ಕೆಳಗೆ, ಒಳ್ಳೆಯ ಅರ್ಥ್ ಇರುವ ಜಾಗದಲ್ಲಿ ಕೂರಿಸಿ, ಪಾಯಿಂಟಿನಿಂದ ಅಲ್ಲಿಗೆ ವೈರ್ ಎಳೆಯಲಾಯಿತು. ಹಳೆಯ ಕಂಡೆನ್ಸರಿನ ತಗಡಿನ ಚಿಪ್ಪು ಅದರ ಮೂಲ ಜಾಗದಲ್ಲೇ, ಸಂಪರ್ಕವಿಲ್ಲದೆ, ಉಳಿದುಕೊಂಡಿತು. ಮೂಲರೂಪ ಬೇಕೆನ್ನುವವರಿಗೂ ಓಡುವ ಗಾಡಿ ಬೇಕೆನ್ನುವವರಿಗೂ ಇದು ಒಪ್ಪಿತವಾಗುವ ಏರ್ಪಾಡು ಎಂದು ನನ್ನ ಅಭಿಪ್ರಾಯ.

ಪಾಯಿಂಟಿನ ಸಂದಿಯನ್ನು ಫೀಲರ್ ಗೇಜಿನಿಂದ 0.4 ಮಿ.ಮೀ.ಗೆ ಹೊಂದಿಸಿ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಒಮ್ಮೆ ನೋಡಿಕೊಂಡದ್ದಾಯಿತು. ಅಲ್ಲಿ ಹೇಳುವಂಥ ದೋಷವಿರಲಿಲ್ಲ.

ನಿಲ್ಲದೆ ಓಡತೊಡಗಿದ ಗಾಡಿಯ ಅಪಾಯ

ದೂರು ಕೊಟ್ಟವರ ದೃಷ್ಟಿಯಲ್ಲಿ ಪ್ರಕರಣ ಇಲ್ಲಿಗೆ ಮುಗಿದಿತ್ತು. ಗಾಡಿ ಬೆಟ್ಟ ಹತ್ತಿ ಇಳಿಯಿತು, ನಿಲ್ಲಲಿಲ್ಲ. ಆದರೆ ಮೇಲೆ ತಲುಪುವ ಹೊತ್ತಿಗೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯದ ಆ ವೇಗ ಹಿಂದೆಂದಿಗಿಂತ ಜೋರಾಗಿತ್ತು. ಕಾರ್ಬೊರೇಟರಿನ ಬಾಯಿಗೆ ಅಂಗೈಯನ್ನು ಅರ್ಧ ಅಡ್ಡ ಹಿಡಿದು ಗಾಳಿ ತಡೆದಾಗ ಐಡ್ಲಿಂಗ್ ಮಾಮೂಲಿಗೆ ಇಳಿಯಿತು. ಕೈ ತೆಗೆದರೆ ಮತ್ತೆ ಏರಿತು. ಮಿಶ್ರಣದಲ್ಲಿ ಪೆಟ್ರೋಲ್ ಸಾಲದಾಗಿದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಪುರಾವೆ ಬೇಕಿಲ್ಲ. ಬಿಚ್ಚಿ ನೋಡಿದ ಪ್ಲಗ್ಗಿನ ಪಿಂಗಾಣಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು.

ಅದುವರೆಗೆ ಎಂಜಿನ್ ಅಪಾಯದ ಕಾವಿಗೆ ಏರುವ ಮುಂಚೆಯೇ ಕಂಡೆನ್ಸರ್ ಸೋತು ಅದನ್ನು ನಿಲ್ಲಿಸುತ್ತಿತ್ತು. ಒಂದು ದೋಷ ಇನ್ನೊಂದಕ್ಕೆ ಕಾವಲು ನಿಂತಿತ್ತು. ಬಲ್ಲವರ ಸಲಹೆಯಂತೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ದರೆ ಆ ಕಾವಲು ತೆಗೆದಂತಾಗಿ, ಗಾಡಿ ಮೊದಲ ಉದ್ದನೆಯ ಏರಿನಲ್ಲೇ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಸಿಕ್ಕಿಕೊಳ್ಳುತ್ತಿತ್ತು ಎಂದು ಹೇಳಲು ಹೆಚ್ಚು ಧೈರ್ಯ ಬೇಕಿಲ್ಲ. ಕಿಟ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ದೋಷ ಯಾವುದೆಂದು ತಿಳಿಯದೆ ವ್ಯವಸ್ಥೆಯನ್ನೇ ಬದಲಿಸಿದಾಗ, ದೋಷದ ಜೊತೆಗೆ ಅದರ ಲಕ್ಷಣಗಳೂ ಅಳಿಸಿಹೋಗುತ್ತವೆ ಎಂಬುದಷ್ಟೇ ನನ್ನ ತಕರಾರು. ಆ ದಿನದಿಂದ ಗಾಡಿಯನ್ನು ರಸ್ತೆಗಿಳಿಸುವುದು ನಿಂತಿತು.

ಗಾಳಿ ಎಲ್ಲಿಂದ ಬರುತ್ತಿದೆಯೆಂದು ಹುಡುಕಲು ಕ್ರ್ಯಾಂಕ್‌ಕೇಸಿನೊಳಗೆ ಗಾಳಿ ತುಂಬಿಸಿ ನೋಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸ್ಪ್ರೇ ಹೊಡೆದು ಎಂಜಿನ್ನಿನ ಸದ್ದು ಬದಲಾಗುವುದನ್ನು ಕೇಳುವ ಪದ್ಧತಿಯೂ ಉಂಟು. ಡೈನಮೊದ ಹಿಂದೆ ಅಡಗಿರುವ ಸೀಲಿಗೆ ಅದು ತಲುಪುವುದಿಲ್ಲ, ಬಿಸಿ ಎಂಜಿನ್ನಿನ ಮೇಲೆ ಅದು ಕ್ಷೇಮವೂ ಅಲ್ಲ. ಗಾಳಿಯ ಪರೀಕ್ಷೆಗೆ ಬೇಕಾದ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹಳೆಯ ಪ್ಲಗ್ಗಿನ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಲೋಹದ ಚಿಪ್ಪಿಗೆ ಒಂದು ಸಣ್ಣ ನಳಿಕೆಯನ್ನು ಅಂಟಿಸಿ, ಅದಕ್ಕೆ ಬಿ.ಪಿ. ನೋಡುವ ಸಾಧನದ ರಬ್ಬರ್ ಬುರುಡೆಯನ್ನೂ ಒತ್ತಡ ತೋರಿಸುವ ಮುಳ್ಳಿನ ಗಡಿಯಾರವನ್ನೂ ಜೋಡಿಸಲಾಯಿತು. ಆ ಗಡಿಯಾರದ ಕೊನೆಯ ಗೆರೆ 300 ಮಿ.ಮೀ. ಪಾದರಸ, ಅಂದರೆ 0.4 ಬಾರ್ ಅಥವಾ ಸುಮಾರು 5.8 ಪಿಎಸ್‌ಐ. ಈ ಪರೀಕ್ಷೆಗೆ ವಾಡಿಕೆಯಲ್ಲಿ ಬಳಸುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಹೆಚ್ಚು ಒತ್ತಿದರೆ ಒಳ್ಳೆಯ ಸೀಲನ್ನೂ ಅದರ ಜಾಗದಿಂದ ಕದಲಿಸುವ ಭಯವಿದೆಯಾದ್ದರಿಂದ, ಸೈಕಲ್ ಪಂಪಿಗಿಂತ ವೈದ್ಯರ ಬುರುಡೆಯೇ ಈ ಕೆಲಸಕ್ಕೆ ವಾಸಿ.

ಯೆಜ್ಡಿಗೆ ಎರಡು ಸೈಲೆನ್ಸರುಗಳಿರುವುದರಿಂದ ಎಕ್ಸಾಸ್ಟಿನ ಬಾಯಿಗಳೂ ಎರಡು. ಸೈಕಲ್ ಟ್ಯೂಬಿನ ತುಂಡು ಮತ್ತು ಮರದ ಬಿರಡೆಗಳಿಂದ ಅವೆರಡನ್ನೂ ಮುಚ್ಚಿ, ಕಾರ್ಬೊರೇಟರನ್ನು ಅದರ ಜಾಗದಲ್ಲೇ ಬಿಟ್ಟು ಅದರ ಬಾಯಿಯನ್ನೂ ಸಣ್ಣ ರಂಧ್ರಗಳನ್ನೂ ಬಂದ್ ಮಾಡಿ, ಪಿಸ್ಟನ್ನನ್ನು ತಳಕ್ಕೆ ತಂದರೆ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಒತ್ತಡ ನಿಮಿಷಕ್ಕೆ 1 ಪಿಎಸ್‌ಐ, ಎಂದರೆ ಸುಮಾರು 50 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು ಎಂಬುದು ರೂಢಿಯ ಲೆಕ್ಕ. ಇಲ್ಲಿ ಮುಳ್ಳು ಕಣ್ಣೆದುರೇ ಜಾರಿ ಕೆಳಗೆ ಬಂತು. ಸೋಪಿನ ನೀರು ಬಳಿದಾಗ ಮೊದಲ ಗುಳ್ಳೆಗಳು ಎದ್ದದ್ದು ಕಾರ್ಬೊರೇಟರನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಅಂಚಾದ ಫ್ಲಾಂಜಿನ ಸುತ್ತ. ಬೋಲ್ಟುಗಳನ್ನು ಅತಿಯಾಗಿ ಬಿಗಿದು ಅದರ ಎರಡು ಕಿವಿಗಳು ಬಾಗಿದ್ದವು; ಗಾಜಿನ ಹಲಗೆಯ ಮೇಲೆ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ತಿಕ್ಕುತ್ತ ಸಮ ಮಾಡಿ, ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಆ ಸೋರಿಕೆ ನಿಂತಿತು. ಗಾಳಿ ಎಳೆಯುವ ದೋಷಕ್ಕೆ ಕಾರಣ ಸಿಕ್ಕಿತೆಂದು ಇಲ್ಲಿಗೇ ಬಿಡುವುದು ಸುಲಭವಿತ್ತು. ಆದರೆ ಮುಳ್ಳು ಈಗಲೂ ಇಳಿಯುತ್ತಿತ್ತು, ಮೊದಲಿಗಿಂತ ನಿಧಾನವಾಗಿ.

ಎಡಗಡೆಯ ಸೀಲು ಸೋರಿದರೆ ಗಾಳಿ ಗೇರ್‌ಬಾಕ್ಸಿಗೆ ಹೋಗಿ ಅಲ್ಲಿಂದ ಆಯಿಲ್ ಹಾಕುವ ರಂಧ್ರದಲ್ಲಿ ಹೊರಬರಬೇಕು. ಆ ರಂಧ್ರಕ್ಕೆ ಅಡ್ಡಲಾಗಿ ಕಟ್ಟಿದ ಸೋಪಿನ ಪೊರೆ ಉಬ್ಬಲಿಲ್ಲ. ಬಲಗಡೆ ಡೈನಮೊದ ಹೊರಭಾಗ ಬಿಚ್ಚಿ, ಮೊನಚು ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುವ ಆರ್ಮೇಚರನ್ನು (ಡೈನಮೊದ ತಿರುಗುವ ಭಾಗವನ್ನು) ಅದರದೇ ಎಕ್ಸ್‌ಟ್ರಾಕ್ಟರ್ ಬೋಲ್ಟಿನಿಂದ ಹೊರತೆಗೆದಾಗ (ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋದವರ ಕ್ರ್ಯಾಂಕುಗಳು ಡೊಂಕಾಗಿರುವುದನ್ನು ನೋಡಿದ್ದೇನೆ) ಹಿಂದಿನ ಸೀಲು ಕಣ್ಣಿಗೆ ಬಿತ್ತು. ಹೊಳೆಯುವ ಕಪ್ಪು ರಬ್ಬರ್, ಹೊಸತೇ. ಸೋಪಿನ ನೀರು ಹಾಕಿ ಬುರುಡೆ ಒತ್ತಿದಾಗ ಶಾಫ್ಟಿನ ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ ಎದ್ದವು. ಬಿಸಿಗಾಳಿ ಊದುವ ಹಾಟ್ ಏರ್ ಗನ್ನಿನಿಂದ ಆ ಭಾಗದ ಅಲ್ಯೂಮಿನಿಯಮ್ಮನ್ನು ಎಂಜಿನ್ ಓಡುವಾಗಿನ ಕಾವಿಗೆ ತಂದು ಮತ್ತೆ ಒತ್ತಿದಾಗ ನೊರೆಯೇ ಬಂತು, ಮುಳ್ಳು ಕೆಲವೇ ಸೆಕೆಂಡಿನಲ್ಲಿ ಸೊನ್ನೆಗಿಳಿಯಿತು. ತಣ್ಣಗಿದ್ದಾಗ ಹಾಕಿದ ಗ್ರೀಸು ಸಂದಿಯನ್ನು ತುಂಬಿಕೊಂಡಿದ್ದು, ಕಾವಿಗೆ ತೆಳುವಾಗಿ ಹರಿದುಹೋಗುತ್ತಿತ್ತು.

ಸೀಲು ತೆಗೆದು ಶಾಫ್ಟಿನ ಮೇಲೆ ಉಗುರು ಎಳೆದಾಗ ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಮೂಲ ಸೀಲಿನ ತುಟಿ ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಉಜ್ಜಿ, ಸುತ್ತಲೂ ತೆಳುವಾದ ಕಚ್ಚು ಬಿದ್ದಿತ್ತು. ಹೊಸ ಸೀಲನ್ನು ಹಳೆಯದರಷ್ಟೇ ಆಳಕ್ಕೆ ಕೂರಿಸಿದ್ದರಿಂದ ಅದರ ತುಟಿಯೂ ಸರಿಯಾಗಿ ಆ ಕಚ್ಚಿನ ಮೇಲೆಯೇ ಬಂದು ನಿಂತಿತ್ತು. ವರ್ಕ್‌ಶಾಪಿನವರು ಬಿಲ್ಲಿನಲ್ಲಿ ಬರೆದದ್ದನ್ನು ಹಾಕಿದ್ದರು, ಅದರಲ್ಲಿ ಮೋಸವಿರಲಿಲ್ಲ. ಬೇರಿಂಗ್ ಸವೆದು ಶಾಫ್ಟ್ ಆಡುತ್ತಿದ್ದರೆ ಯಾವ ಸೀಲೂ ಬಾಳುವುದಿಲ್ಲವಾದ್ದರಿಂದ ಅದನ್ನೂ ನೋಡಲಾಯಿತು: ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಗೇಜಿನ ಮುಳ್ಳು ಕದಲಲಿಲ್ಲ, ಆರ್ಮೇಚರಿನ ಮೈಮೇಲೆ ಸುತ್ತಲಿನ ಕಬ್ಬಿಣಕ್ಕೆ ತಾಗಿದ ಉಜ್ಜುಗುರುತು ಇರಲಿಲ್ಲ. ಕ್ರ್ಯಾಂಕ್ ಬಿಚ್ಚುವ ದೊಡ್ಡ ಖರ್ಚು ಅಲ್ಲಿಗೆ ತಪ್ಪಿತು. ಕಚ್ಚಿನ ಅಂಚುಗಳನ್ನು ನಯವಾದ ಎಮರಿಯಿಂದ ಸವರಿ, ಇನ್ನೊಂದು ಸೀಲನ್ನು ಮೊದಲಿನ ಜಾಗಕ್ಕಿಂತ ಒಂದು ಮಿಲಿಮೀಟರ್ ಹೊರಗೆ, ತುಟಿ ಸವೆಯದ ಉಕ್ಕಿನ ಮೇಲೆ ಬರುವಂತೆ ಕೂರಿಸಲಾಯಿತು. ಅಷ್ಟು ಹೊರಬರಲು ಅದರ ಗೂಡಿನಲ್ಲಿ ಜಾಗವಿತ್ತು. ಬಿಸಿ ಮಾಡಿ ಮತ್ತೆ ಒತ್ತಿದಾಗ ಮುಳ್ಳು ನಿಮಿಷ ಕಳೆದರೂ 280ರ ಆಸುಪಾಸಿನಲ್ಲೇ ನಿಂತಿತು.

ಪಿಸ್ಟನ್ ಹೇಳಿದ್ದು

ಸೈಲೆನ್ಸರ್ ಬಿಚ್ಚಿದ್ದರಿಂದ ಎಕ್ಸಾಸ್ಟಿನ ಬಾಯಿಯಲ್ಲಿ ಟಾರ್ಚ್ ಹಿಡಿದರೆ ಪಿಸ್ಟನ್ನಿನ ಮೈ ಕಾಣುತ್ತಿತ್ತು. ಅದರ ಮೇಲೆ ಉದ್ದುದ್ದಕ್ಕೆ ಮಾಸಲು ಗೀರುಗಳಿದ್ದವು. ಸಿಲಿಂಡರ್ ಎತ್ತಿ ನೋಡಿದಾಗ, ಎರಡು ಎಕ್ಸಾಸ್ಟ್ ಕಿಂಡಿಗಳ ನಡುವಿನ ಪಟ್ಟಿಗೆ ಎದುರಾಗುವ ಜಾಗದಲ್ಲಿ, ಅಂದರೆ ಸಿಲಿಂಡರಿನ ಅತಿ ಬಿಸಿಯಾದ ಭಾಗದಲ್ಲಿ, ಅಲ್ಯೂಮಿನಿಯಮ್ ಸವರಿಕೊಂಡು ಹೋದ ಗುರುತು ಸ್ಪಷ್ಟವಾಗಿತ್ತು. ಪಿಸ್ಟನ್ ಹಿಡಿದುಕೊಳ್ಳುವುದರ ಮೊದಲ ಹಂತ ಇದು. ರಿಂಗುಗಳು ಸಡಿಲವಾಗಿಯೇ ಆಡುತ್ತಿದ್ದವು, ಸಿಲಿಂಡರಿನ ಗೋಡೆಗೆ ಉಗುರು ತಾಗುವ ಗಾಯವಾಗಿರಲಿಲ್ಲ. ಉಬ್ಬಿದ ಜಾಗಗಳನ್ನು ನಯವಾದ ಎಮರಿಯಿಂದ ಸವರಿ ಅದೇ ಪಿಸ್ಟನ್ನನ್ನು ಮತ್ತೆ ಹಾಕಲಾಯಿತು. ಹೊಸದನ್ನೇ ಹಾಕಬೇಕಿತ್ತೆನ್ನುವವರಿದ್ದಾರೆ, ಗೀರು ರಿಂಗು ಕೂರುವ ಕಚ್ಚುಗಳವರೆಗೆ ತಲುಪಿರದಿದ್ದರೆ ನಾನು ಬದಲಿಸುವುದಿಲ್ಲ.

ಮಿಶ್ರಣದ ಕೊರತೆಗೆ ಇನ್ನೊಂದು ಪಾಲುದಾರ ಉಳಿದಿತ್ತು, ಅದು ಪಂಪಿನಲ್ಲಿ ಸಿಗುವ ಪೆಟ್ರೋಲ್. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಎಲ್ಲೆಡೆ ಸಿಗುವುದು ಹೆಚ್ಚಾಗಿ ಅದೇ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು. 1974ರಲ್ಲಿ ಕೊರೆದ ಜೆಟ್ಟಿಗೆ, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರಕ್ಕೆ, ಇದು ತಿಳಿಯದು. ಅದು ಹಿಂದಿನಷ್ಟೇ ಬಿಡುತ್ತದೆ, ಎಂಜಿನ್ನಿಗೆ ಶೇ. 8ರಷ್ಟು ಕಡಿಮೆ ಬೀಳುತ್ತದೆ. ಪೆಟ್ರೋಲನ್ನು ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಇರುವ ಇಂದಿನ ಗಾಡಿಗಳು ಇದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಸೀಲು ಸರಿಯಿದ್ದಿದ್ದರೆ ಈ ಕೊರತೆಯೊಂದೇ ಗೀರು ತರುತ್ತಿರಲಿಲ್ಲ. ಸೋರುವ ಸೀಲಿನ ಜೊತೆ ಸೇರಿ ಅದು ಕೆಲಸ ಕೆಡಿಸಿತ್ತು. ಸೀಲಿನ ಪರೀಕ್ಷೆ ಮುಗಿದ ಮೇಲಷ್ಟೇ ಮೇನ್ ಜೆಟ್ಟನ್ನು ಒಂದು ಸೈಜು ದೊಡ್ಡದಕ್ಕೆ ಬದಲಿಸಲಾಯಿತು. ಗಾಳಿ ಸೋರುತ್ತಿರುವಾಗಲೇ ಜೆಟ್ ದೊಡ್ಡದು ಮಾಡಿದ್ದರೆ ತಣ್ಣಗಿದ್ದಾಗ ಹೊಗೆ, ಬಿಸಿಯಾದಾಗ ಬೆಂಕಿ ಎಂಬಂತಾಗುತ್ತಿತ್ತು.

ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿ, ರನ್ನಿಂಗ್ ಇನ್ ಮಾಡುವಂತೆ ಕೆಲವು ದಿನ ಮೆಲ್ಲಗೆ ಓಡಿಸಿದ ಬಳಿಕ ಗಾಡಿ ಅದೇ ಬೆಟ್ಟವನ್ನು ಮಾಲೀಕರ ಕೈಯಲ್ಲೇ ಹತ್ತಿತು. ಮೇಲೆ ಬಿಸಿ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಐಡ್ಲಿಂಗ್ ಕೂಡಲೇ ತನ್ನ ಮಟ್ಟಕ್ಕೆ ಬಂತು, ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಎಡಗಡೆಯ ಸೀಲಿನ ಹಿಂದೆಯೂ ಅಂಥದೇ ಕಚ್ಚು ಇರುವ ಸಂಭವವಿದೆ. ಸದ್ಯಕ್ಕೆ ಅದು ಸೋರುತ್ತಿಲ್ಲವಾದ್ದರಿಂದ ಬಿಚ್ಚಿಲ್ಲ. ತಿಂಗಳಿಗೊಮ್ಮೆ ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡಿ ಬರೆದಿಡಬೇಕೆಂದೂ, ಹೊರಗೆ ಎಲ್ಲೂ ತೊಟ್ಟಿಕ್ಕದೆ ಮಟ್ಟ ಇಳಿದರೆ ಅಥವಾ ಹೊಗೆ ಹೆಚ್ಚಾದರೆ ಗಾಡಿ ತರಬೇಕೆಂದೂ, ಹೆಚ್ಚು ದಿನ ನಿಲ್ಲಿಸುವುದಿದ್ದರೆ ಎಥನಾಲ್ ನೀರು ಹೀರುವುದರಿಂದ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡಿಯೇ ನಿಲ್ಲಿಸಬೇಕೆಂದೂ ಮಾಲೀಕರಿಗೆ ತಿಳಿಸಲಾಗಿದೆ. ಬಿ.ಪಿ. ಬುರುಡೆ ಮತ್ತು ಪ್ಲಗ್ಗಿನ ಚಿಪ್ಪನ್ನು ಅವರೇ ಕೇಳಿ ತೆಗೆದುಕೊಂಡು ಹೋಗಿದ್ದಾರೆ.